ಕೆಂಚಿಯ ಬೆನ್ನು

ಮೊನ್ನೆ ರಾಗಿ ಕಣದಲ್ಲಿ ರಾತ್ರಿ ಕಾವಲಿಗೆ ಕೂತಿದ್ದೆವು. ಮೆದೆ ಬಿಚ್ಚಿ ಹರಡಿ ಆಗಿತ್ತು, ಬೆಳಗ್ಗೆ ಟ್ರಾಕ್ಟರು ಬರಬೇಕಿತ್ತು. ಶ್ರೀನಿವಾಸಪುರದ ಕಡೆ ಧನುರ್ಮಾಸದ ಚಳಿ ಕಿವಿ ಕಚ್ಚುವಂಥದ್ದು. ನೀಲಗಿರಿ ಬೊಡ್ಡೆ ಎರಡು ಒಟ್ಟಿ ಬೆಂಕಿ ಮಾಡಿಕೊಂಡಿದ್ದೆವು; ಅಂಚಿನ ಬೂದಿಯಲ್ಲಿ ಸೊಗಡಿನ ಅವರೆಕಾಯಿ ಸುಡುತ್ತಿದ್ದವು. ಮಾತು ಅಕ್ಕನ ಮಗನ ಮದುವೆಯ ಕಡೆ ಹೊರಳಿತು. ಮಾಲೂರಿನಲ್ಲಿ ಛತ್ರ, ಬೆಂಗಳೂರಿನಿಂದ ಬ್ಯಾಂಡು, ಮೆರವಣಿಗೆಗೆ ಬಾಡಿಗೆ ಕುದುರೆ. ಹುಡುಗ ಸಂಕೋಚಪಡುತ್ತಲೇ ಕೇಳಿದ: "ಮಾಮ, ಅಟ್ಟದ ಮೇಲಿರೋ ಜೀನು ಇದೆಯಲ್ಲ, ಅದನ್ನೇ ಆ ಕುದುರೆ ಮೇಲೆ ಹಾಕಿಸೋಣ್ವಾ? ಒಂದು ಗಂಟೆ ಅಷ್ಟೇ."

1979ರಲ್ಲಿ ನಾನೂ ಜಟಕಾ ಚಾಚಾನ ಮುಂದೆ ನಿಂತು ಹೆಚ್ಚುಕಡಿಮೆ ಇದೇ ಮಾತು ಆಡಿದ್ದೆ. ಆಗ ನನಗೆ ಹತ್ತೊಂಬತ್ತು. ಅವತ್ತು ಏನಾಯಿತೆಂದು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಬೆಂಕಿಯ ಮುಂದೆ ಆ ಹುಡುಗನಿಗೆ ಹೇಳಿದೆ.

ಜೀನಿನ ಹಿನ್ನೆಲೆ ಮೊದಲು. ನನ್ನ ತಾಯಿಯ ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದವರು. 1914ರ ಅಕ್ಟೋಬರಿನಲ್ಲಿ ಬೊಂಬಾಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋದ ದಂಡಿನಲ್ಲಿ ಅವರೂ ಒಬ್ಬರು. ಸೂಯೆಜ್ ಕಾಲುವೆಯ ಕಾವಲು, ಗಾಜಾ, ಜೋರ್ಡಾನ್ ಕಣಿವೆ, ಕೊನೆಗೆ 1918ರ ಸೆಪ್ಟೆಂಬರ್ 23ರಂದು ಹೈಫಾ. ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಷೋನ್ ನದಿಯ ಜೌಗು. ನಡುವಿನ ಇಕ್ಕಟ್ಟಿನಲ್ಲಿ ಜೋಧಪುರದವರು ನುಗ್ಗಿದರು, ಮೈಸೂರಿನವರು ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿದರು. ಮೆಷಿನ್ ಗನ್ನುಗಳ ಎದುರು ಕುದುರೆ ಮೇಲೆ ಈಟಿ ಹಿಡಿದವರು ಊರನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಲ್ಯಾನ್ಸರ್ಸ್ ಸ್ಮಾರಕವಿದೆ. ಆ ದಿನ ಸತ್ತ ಸೈನಿಕರು ಎಂಟು ಮಂದಿ, ಸತ್ತ ಕುದುರೆಗಳು 60, ಗಾಯಗೊಂಡ ಕುದುರೆಗಳು 83. ಈ ಕೊನೆಯ ಎರಡು ಲೆಕ್ಕವನ್ನು ನಾನು ಎಷ್ಟೋ ವರ್ಷದ ಮೇಲೆ ಓದಿದೆ. ಓದಿದ ದಿನ ಮೊದಲು ನೆನಪಾದದ್ದು ಚಾಚಾನ ಕುದುರೆ ಕೆಂಚಿ.

ಮುತ್ತಾತ 1920ರಲ್ಲಿ ಊರಿಗೆ ಬಂದರು. ಜೀನು ಸರ್ಕಾರದ್ದು, ತರುವ ಹಾಗಿರಲಿಲ್ಲ. 1953ರಲ್ಲಿ ಸಂಸ್ಥಾನಗಳ ಕುದುರೆ ದಂಡುಗಳನ್ನೆಲ್ಲ ಒಂದುಗೂಡಿಸಿ, ಈಗ 61ನೇ ಕ್ಯಾವಲ್ರಿ ಎನ್ನುವ ರೆಜಿಮೆಂಟು ಕಟ್ಟಿದರು. ಮೈಸೂರು ಲ್ಯಾನ್ಸರ್ಸ್‌ನ ಸವಾರರೂ ಅದಕ್ಕೆ ಸೇರಿಹೋದರು. ಆಮೇಲೆ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ದಂಡಿನ ಜೀನು ಕಂಡಾಗ, ಸತ್ತ ತಂದೆಯ ನೆನಪಿಗೆಂದು ನಮ್ಮ ತಾತ ಅದನ್ನು ಕೊಂಡು, ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದರು. ಅಂದಿನಿಂದ ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಚೆಂಡುಹೂವು. ಕುದುರೆಯ ಬೆನ್ನು ಮಾತ್ರ ಅದು ಕಂಡಿರಲಿಲ್ಲ.

1979ರ ಬೇಸಿಗೆಗೆ ಸೋದರಮಾವನ ಮದುವೆ ಗೊತ್ತಾಯಿತು. ಮಾಲೂರಿನ ಹೆಣ್ಣು. ತಾತನಿಗೆ ಒಂದೇ ಆಸೆ: ಮಗ ಆ ಜೀನಿನ ಮೇಲೆ ಕೂತು ಹೆಣ್ಣಿನ ಮನೆ ಬಾಗಿಲಿಗೆ ಹೋಗಬೇಕು. ಕುದುರೆ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಆಗ ಜಟಕಾಗಳ ಸಾಲು ಇರುತ್ತಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದ ಜಟಕಾ ಒಬ್ಬ ಸಾಬರದು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವರ ಕುದುರೆಯೇ ಕೆಂಚಿ. ಕೆಂಪು ಮೈಯ ಹೆಣ್ಣು ಕುದುರೆ, ಹಣೆ ಮೇಲೆ ಬಟ್ಟಿನಷ್ಟು ಬಿಳಿ. ಎತ್ತರ ನನ್ನ ಎದೆಯವರೆಗೆ. ಹುರುಳಿಯ ತೋಬ್ರ ಕಟ್ಟಿದರೆ ಒಂದು ಕಿವಿ ಮುಂದೆ, ಒಂದು ಕಿವಿ ಹಿಂದೆ ಮಾಡಿಕೊಂಡು ಅಗಿಯುತ್ತಿತ್ತು. ಚಾಚಾ ಜೀನನ್ನು ನೋಡಿ ತಲೆ ಆಡಿಸಿದರು. "ಇದು ದೊಡ್ಡ ಕುದುರೆದು ಅಪ್ಪಯ್ಯ" ಎಂದರು. ಒಂದೆರಡು ಗಂಟೆ ಕೂತು ಅಭ್ಯಾಸ ಮಾಡಿಸುತ್ತೇನೆ ಅಷ್ಟೇ ಚಾಚಾ, ಕಂಬಳಿ ಜಾಸ್ತಿ ಹಾಕುತ್ತೇನೆ ಎಂದೆ. ಓದುವ ಹುಡುಗ ಹೇಳುತ್ತಿದ್ದಾನೆ ಅಂತ ಒಪ್ಪಿಕೊಂಡರು.

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಬೆನ್ನ ಮೇಲೆ ಬಿಗಿಯಾಗಿ ಹಾಸಿ, ಮೇಲೆ ಜೀನಿಟ್ಟು, ಹೊಟ್ಟೆ ಪಟ್ಟಿ ಜಗ್ಗಿ ಕಟ್ಟಿ ಹತ್ತಿದೆ. ಕೋಲಾರದಿಂದ ಬೆಂಗಳೂರು ರಸ್ತೆ ಹಿಡಿದು ನರಸಾಪುರದವರೆಗೆ ಹೋಗಿ ಹಿಂದಿರುಗಿದೆ. ಒಂದೆರಡು ಗಂಟೆ ಎಂದದ್ದು ಬೆಳಗಿನಿಂದ ಮಧ್ಯಾಹ್ನವಾಯಿತು. ವಾಪಸು ಬರುವಾಗ ಕೆಂಚಿ ನಡುನಡುವೆ ಬೆನ್ನು ಕುಗ್ಗಿಸುತ್ತಿತ್ತು, ಬಾಲ ಬೀಸುತ್ತಿತ್ತು. ನೊಣ ಅಂದುಕೊಂಡೆ. ಊರು ಮುಟ್ಟಿದ ತಕ್ಷಣ, ಪಾಪ ಸೆಖೆ ಎಂದು, ಬೆವರುತ್ತಿದ್ದ ಬೆನ್ನಿಂದ ಜೀನನ್ನು ಒಮ್ಮೆಲೇ ಕಿತ್ತು ಕೆಳಗಿಟ್ಟೆ.

ಮೈಯೆಲ್ಲ ನೀರಾಗಿ ಹೊಳೆಯುತ್ತಿತ್ತು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ ಒಂದು ದಿಣ್ಣೆ ಏಳುತ್ತದಲ್ಲ, ಅದರ ನೆತ್ತಿಯ ಮೇಲೆ ಮಾತ್ರ ಅಂಗೈಯಗಲ ಕೂದಲು ಒಣಗಿ ನಿಂತಿತ್ತು. ಹಿಂದೆ ಸೊಂಟದ ಹತ್ತಿರ ಎರಡೂ ಪಕ್ಕ ಇನ್ನೆರಡು ಒಣ ಮಚ್ಚೆ. ಅಲ್ಲಿ ಬೆವರಿಲ್ಲ, ಚೆನ್ನಾಗಿದೆ ಎಂದು ಸಮಾಧಾನಪಟ್ಟೆ. ಅರ್ಧ ಗಂಟೆಯಲ್ಲಿ ದಿಣ್ಣೆಯ ಮೇಲೆ ಬನ್ನಿನ ಹಾಗೆ ಊತ ಎದ್ದಿತು. ಮರುದಿನ ಮುಟ್ಟಿದರೆ ಕೆಂಚಿ ನೆಲಕ್ಕೆ ಕುಸಿಯುತ್ತಿತ್ತು. ಮೂರನೇ ದಿನಕ್ಕೆ ಚರ್ಮ ಕಪ್ಪಾಗಿ, ಬಿರಿದು, ಕೀವು ಕಾಣಿಸಿತು.

ಜಟಕಾದ ಭಾರ ಕುದುರೆಯ ಬೆನ್ನಿನ ಗಾದಿಯ ಮೇಲೇ ಕೂರುವುದು. ಬೆನ್ನು ಹುಣ್ಣಾದರೆ ಗಾಡಿ ನಿಂತಿತು. ಚಾಚಾ ನನ್ನನ್ನು ಒಂದು ಮಾತು ಅನ್ನಲಿಲ್ಲ. ಗಾಡಿಯ ಮೂಕಿಯನ್ನು ನೆಲಕ್ಕೆ ಊರಿ ನಿಲ್ಲಿಸಿದ್ದನ್ನು ನೋಡಿಕೊಂಡು ನಾನು ದಿನಾ ಕಾಲೇಜಿಗೆ ನಡೆದು ಹೋದೆ. ಅವರ ಮನೆಯಲ್ಲಿ ಆರು ಜನ ಉಣ್ಣುವವರು.

ಕೊನೆಗೆ ಚಾಚಾನೇ ಹೇಳಿದರು, ಲ್ಯಾನ್ಸರ್ಸ್ ಲೈನಿನಲ್ಲಿ ಕೆಲಸ ಮಾಡಿದ್ದ ಹಳೇ ಜೀನಗಾರರು ಒಬ್ಬರು ಮುಳಬಾಗಿಲಿನಲ್ಲಿದ್ದಾರೆ, ಕರೆದುಕೊಂಡು ಬಾ ಎಂದು. ನಮ್ಮ ಸೀಮೆಯಲ್ಲಿ ಜೀನಗಾರರು ಅಂದರೆ ಹೆಸರೇ ಹೇಳುವಂತೆ ಜೀನು ಮಾಡುವ ಕುಲ. ಪಾಳೆಯಗಾರರು ಹೋದರು, ದಂಡು ಹೋಯಿತು, ಅವರಲ್ಲಿ ಎಷ್ಟೋ ಮಂದಿ ಬೇರೆ ಬೇರೆ ಕಸುಬು ಹಿಡಿದರು. ಈ ಮೇಸ್ತ್ರಿ ಬೆಟ್ಟದ ಬುಡದ ಓಣಿಯಲ್ಲಿ ಚಪ್ಪಲಿ, ಸ್ಕೂಲ್ ಬ್ಯಾಗು ಹೊಲಿದುಕೊಂಡಿದ್ದರು. ಆ ಬೆಟ್ಟದ ಬಂಡೆಗಳ ನಡುವೆಯೇ 1768ರ ಅಕ್ಟೋಬರಿನಲ್ಲಿ ಹೈದರಾಲಿಯ ದಂಡು ಕರ್ನಲ್ ವುಡ್‌ನ ಸೈನ್ಯದ ಮೇಲೆ ಬಿದ್ದದ್ದು. ಹೈದರ್ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯದೇ, ಅವನ ತಂದೆಯ ಸಮಾಧಿ ಕೋಲಾರದ ಮಕ್ಬರದಲ್ಲಿದೆ. ಕುದುರೆಯಿಂದ ಬದುಕಿದ, ಕುದುರೆಯಿಂದ ರಾಜ್ಯ ಕಟ್ಟಿದವನ ಸೀಮೆ ಇದು. ಇಲ್ಲಿ ಹುಟ್ಟಿದ ನನಗೆ ಜೀನು ಕುದುರೆಯ ಯಾವ ಭಾಗದ ಮೇಲೆ ಕೂರುತ್ತದೆ ಎಂಬುದೇ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಎಪ್ಪತ್ತು ದಾಟಿತ್ತು. ಬಸ್ಸಿಳಿದವರು ಜೀನಿನ ಕಡೆ ತಿರುಗಿಯೂ ನೋಡದೆ ನೇರ ಕೆಂಚಿಯ ಹತ್ತಿರ ಹೋದರು. ಹುಣ್ಣಿನ ಸುತ್ತ ಬೆರಳಾಡಿಸಿ, ಬಿಸಿ ಎಲ್ಲಿಯವರೆಗಿದೆ ನೋಡಿದರು. ಪಶುವೈದ್ಯರು ಕೊಟ್ಟಿದ್ದ ಮುಲಾಮನ್ನು ಮುಂದುವರಿಸಲು ಹೇಳಿ, ಉಪ್ಪುನೀರಿನಲ್ಲಿ ತೊಳೆಯಿರಿ, ಗಾಯ ಆರಿ ಹೊಸ ಚರ್ಮ ಗಟ್ಟಿಯಾಗುವವರೆಗೆ ಒಂದು ಟವೆಲ್ಲೂ ಮೇಲೆ ಬೀಳಬಾರದು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲಿ ಒಣಗಿತ್ತು?"

ತೋರಿಸಿದೆ.

"ಒಣಗಿದ ಕಡೆ ರಕ್ತ ಓಡಿಲ್ಲ ಅಂತ ಅರ್ಥ. ಎಲ್ಲ ಕಡೆ ಬೆವರು ಬಂದು ಒಂದು ಕಡೆ ಬರಲಿಲ್ಲ ಅಂದರೆ ಅಲ್ಲಿ ಒತ್ತಿದೆ. ನೀನು ಜೀನನ್ನ ತಕ್ಷಣ ತೆಗೆದೆಯಲ್ಲ? ಪಟ್ಟಿ ಸಡಿಲ ಬಿಟ್ಟು, ಒಂದಷ್ಟು ಹೊತ್ತು ನಡೆಸಿ, ಆಮೇಲೆ ತೆಗೀಬೇಕು. ಅದುಮಿಟ್ಟ ರಕ್ತ ಒಟ್ಟಿಗೆ ನುಗ್ಗಿದರೆ ಊದದೆ ಏನಾಗುತ್ತೆ?"

ಕಂಬಳಿ ಹೇಗೆ ಹಾಸಿದ್ದೆ ಎಂದು ಕೇಳಿದರು. ಸುಕ್ಕಿಲ್ಲದಂತೆ ಬಿಗಿಯಾಗಿ ಎಂದೆ. ಕಣ್ಣು ಮುಚ್ಚಿಕೊಂಡರು. ತಮ್ಮ ಎಡಗೈ ಮುಷ್ಟಿ ಮಾಡಿ, ಗೆಣ್ಣುಗಳ ಮೇಲೆ ಹೆಗಲಿನ ವಲ್ಲಿಯನ್ನು ಹಾಸಿ, ಎರಡೂ ತುದಿಯನ್ನು ನನಗೆ ಕೊಟ್ಟು ಕೆಳಗೆ ಎಳೆ ಎಂದರು. ಎಳೆದೆ. "ನೋಡು, ಜೀನು ಗೆಣ್ಣಿಗೆ ತಾಗಿಯೇ ಇಲ್ಲ. ಬಟ್ಟೆನೇ ಗೆಣ್ಣನ್ನ ಅರೀತಾ ಇದೆ. ನೀನು ಎಪ್ಪತ್ತು ಕಿಲೋ ಭಾರವನ್ನ ಆ ಮೂಳೆ ಮೇಲೆ ನೇತು ಹಾಕಿಕೊಂಡು ನರಸಾಪುರಕ್ಕೆ ಹೋಗಿ ಬಂದಿದ್ದೀಯ."

ಹಿಂದಿನ ಮಚ್ಚೆಗಳಿಗೆ ಕಾರಣ ಬೇರೆ. ದಂಡಿನ ಜೀನನ್ನು ಐದಡಿ, ಅದಕ್ಕೂ ಹೆಚ್ಚು ಎತ್ತರದ ಕುದುರೆಗಳಿಗೆಂದು ಮಾಡಿದ್ದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಹಡಗಿನಲ್ಲಿ ಬರುತ್ತಿದ್ದ, ಅದರಿಂದಲೇ ವೇಲರ್ ಎಂಬ ಹೆಸರು ಪಡೆದ ಉದ್ದ ಬೆನ್ನಿನ ಕುದುರೆಗಳವು. ಜೀನಿನ ಪಕ್ಕದ ಹಲಗೆಗಳು ಕೆಂಚಿಯ ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಚಾಚಿದ್ದವು. ಸೊಂಟಕ್ಕೆ ಕೆಳಗಿಂದ ಪಕ್ಕೆಲುಬಿನ ಆಸರೆ ಇಲ್ಲ. "ಅಗಲ ಹೆಚ್ಚುಕಮ್ಮಿ ಇದ್ದರೆ ನಮ್ದಾ ಹೊಲಿದು ಸರಿ ಮಾಡ್ತೀನಿ. ಉದ್ದಕ್ಕೆ ಔಷಧ ಇಲ್ಲ. ಈ ಜೀನು ಈ ಕುದುರೆಗೆ ಯಾವತ್ತೂ ಬೇಡ" ಎಂದು ಮೇಸ್ತ್ರಿ ತೀರ್ಪು ಕೊಟ್ಟರು. ನಮ್ದಾ ಅಂದರೆ ಉಣ್ಣೆಯನ್ನು ಬಡಿದು ಒತ್ತಿ ಮಾಡಿದ ದಪ್ಪ ಹಾಸು. ಇಂಗ್ಲಿಷಿನವರೂ ಆ ಮಾತನ್ನೇ ಎತ್ತಿಕೊಂಡು ನಮ್ನಾ ಮಾಡಿಕೊಂಡರಂತೆ.

ಮದುವೆಗೆ ಮಾವ ಬಾಡಿಗೆ ಅಂಬಾಸಿಡರಿನಲ್ಲಿ ಹೋದರು. ತಾತ ಏನೂ ಅನ್ನಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅಷ್ಟರಲ್ಲಿ ನಾನು ದಿನದ ಕಾಲೇಜು ಮುಗಿಸಿಕೊಂಡು ಸಂಜೆ ಹೊತ್ತು ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ್ದೆ. ಬಂದದ್ದನ್ನು ಶನಿವಾರ ಶನಿವಾರ ಚಾಚಾನ ಕೈಗೆ ಕೊಡುತ್ತಿದ್ದೆ. ಮೊದಲ ವಾರ ಬೇಡ ಅಂದರು. ಎರಡನೇ ವಾರ ತೆಗೆದುಕೊಂಡರು. ಅವರು ತೆಗೆದುಕೊಂಡದ್ದರಿಂದಲೇ ಮನೆಯ ಪರಿಸ್ಥಿತಿ ನನಗೆ ಗೊತ್ತಾಯಿತು.

ಮೇಸ್ತ್ರಿ ಮಾತ್ರ ಆ ಜೀನನ್ನು ಬಿಡಲಿಲ್ಲ. ಸರಿಯಾದ ಕುದುರೆ ಸಿಕ್ಕರೆ ಹೇಳಿಕಳಿಸು, ನಾನು ಬರುತ್ತೇನೆ ಎಂದಿದ್ದರು. ಕುದುರೆ ಸಿಕ್ಕಿತು. ಮಾಲೂರಿನ ಹೆಂಚಿನ ಕಾರ್ಖಾನೆಯವರೊಬ್ಬರು ಬೆಂಗಳೂರಿನ ರೇಸಿನಿಂದ ನಿವೃತ್ತಿಯಾದ ಕುದುರೆಯೊಂದನ್ನು ಪ್ರೀತಿಯಿಂದ ಸಾಕಿದ್ದರು. ಕಂದುಗಪ್ಪು ಬಣ್ಣ, ಐದಡಿ ಎರಡಂಗುಲ, ಸಮಾಧಾನದ ಪ್ರಾಣಿ. ಜೂನ್ ಮೊದಲ ವಾರ ಅದನ್ನು ಶ್ರೀನಿವಾಸಪುರದ ನಮ್ಮ ತೋಟಕ್ಕೆ ಕರೆತಂದೆವು. ಬಾದಾಮಿ ಮಾವು ಇಳಿಸಿಯಾಗಿ ತೋತಾಪುರಿ ಮಾತ್ರ ಮರದಲ್ಲಿತ್ತು.

ಆ ದಿನವನ್ನು ನಾನು ಗಳಿಗೆ ಗಳಿಗೆಯಾಗಿ ಹೇಳಬಲ್ಲೆ.

ಮೇಸ್ತ್ರಿ ಮೊದಲು ಜೀನನ್ನು ಮಗುಚಿ ಹಾಕಿದರು. ಮುಂದೊಂದು, ಹಿಂದೊಂದು ಉಕ್ಕಿನ ಕಮಾನು. ಎರಡಕ್ಕೂ ಪಕ್ಕದಲ್ಲಿ ಒಂದೊಂದು ಮರದ ಹಲಗೆ. ಕಮಾನುಗಳ ನಡುವೆ ತೊಗಲಿನ ಆಸನ ತೊಟ್ಟಿಲಿನಂತೆ ಬಿಗಿದಿತ್ತು. ಹಲಗೆಯನ್ನು ಅಲ್ಲಾಡಿಸಿ ತೋರಿಸಿದರು. ಕಮಾನಿನ ತುದಿಯಲ್ಲಿ ಅದು ತಿರುಗುತ್ತಿತ್ತು. "ಇದು 1912ರ ಮಾದರಿ. ಹಳೇದರಲ್ಲಿ ಹಲಗೆ ಗಟ್ಟಿ ಬಡಿದುಬಿಟ್ಟಿರೋರು. ಇದರಲ್ಲಿ ಕುದುರೆ ಬಡವಾದರೂ ದಪ್ಪ ಆದರೂ ಹಲಗೆ ಪಕ್ಕೆಗೆ ಒರಗಿಕೊಳ್ಳುತ್ತೆ. ದಂಡಿನಲ್ಲಿ ತಿಂಗಳಿಗೊಂದು ಸಲ ಕುದುರೆ ಬೆನ್ನು ಬದಲಾಗುತ್ತೆ ಮಗು, ಮೇವು ಸಿಗದ ದಿನ ಎಷ್ಟೋ." ತೊಗಲು ಬಿರುಕು ಬಿಟ್ಟಿತ್ತು. ಹಿಂದಿನ ಎರಡು ವಾರ ಅದಕ್ಕೆ ಹರಳೆಣ್ಣೆ ಹಚ್ಚಿ ಹಚ್ಚಿ ಮೆದು ಮಾಡಿದ್ದೆ. ಹೊಲಿಗೆ ಸಡಿಲವಾದ ಕಡೆಯೆಲ್ಲ ಅವರು ದಬ್ಬಳದಿಂದ ಮೇಣದ ದಾರ ಏರಿಸಿದರು.

ಕಂಬಳಿ ಇಲ್ಲದೆ, ಬರೀ ಬೆನ್ನ ಮೇಲೆ ಜೀನಿಟ್ಟು ಮೊದಲು ಅಳತೆ. ಇಡುವ ಮುಂಚೆ ನಮ್ಮ ಅಜ್ಜಿಯಿಂದ ಒಂದು ಹಿಡಿ ಅಕ್ಕಿ ಹಿಟ್ಟು ಇಸಿದುಕೊಂಡು ಕುದುರೆಯ ಬೆನ್ನಿಗೆ ತೆಳುವಾಗಿ ಉದುರಿಸಿದರು, ರಂಗೋಲಿ ಎಳೆಯುವವರ ಹಾಗೆ ಎರಡೇ ಬೆರಳಲ್ಲಿ. ಜೀನನ್ನು ಮೇಲಿಂದ ನೇರ ಇಳಿಸಿ, ಒಮ್ಮೆ ಅದುಮಿ, ಹಾಗೇ ಎತ್ತಿದರು. ಹಲಗೆ ಕೂತ ಕಡೆ ಹಿಟ್ಟು ಅಂಟಿ ಹೋಗಿತ್ತು. ಬಲಪಕ್ಕ ಉದ್ದಕ್ಕೂ ಸರಿಯಾಗಿತ್ತು. ಎಡಪಕ್ಕ ಮುಂದೆ ನಾಲ್ಕು ಬೆರಳಷ್ಟು ಹಿಟ್ಟು ಅಲುಗಿರಲೇ ಇಲ್ಲ. ಹೆಗಲ ಹಿಂದೆ ಆ ಕುದುರೆಗೆ ತಗ್ಗು ಇತ್ತು. ಮೇಸ್ತ್ರಿ ನಮ್ದಾದ ತುಂಡನ್ನು ಆ ತಗ್ಗಿನ ಆಕಾರಕ್ಕೆ ಕತ್ತರಿಸಿ, ಅಂಚನ್ನು ಕತ್ತಿಯಲ್ಲಿ ಕೆರೆದು ಕೆರೆದು ಎಲೆಯಂತೆ ತೆಳು ಮಾಡಿ, ಹಲಗೆಯ ಅಡಿಗೆ ಹೊಲಿದರು. ದಪ್ಪ ಅಂಚು ಬಿಟ್ಟರೆ ಅದೇ ಇನ್ನೊಂದು ಹುಣ್ಣು ಮಾಡುತ್ತದಂತೆ. ಮತ್ತೆ ಹಿಟ್ಟು, ಮತ್ತೆ ಜೀನು. ನಾಲ್ಕು ಸಲ. ಮಧ್ಯಾಹ್ನದ ಮುದ್ದೆ ಆರುತ್ತಾ ಇತ್ತು, ಯಾರೂ ಕರೆಯುವ ಧೈರ್ಯ ಮಾಡಲಿಲ್ಲ.

ಆಮೇಲೆ ಕುರಿ ಕಂಬಳಿ. ಮಡಿಸಿ, ಇರಬೇಕಾದ ಜಾಗಕ್ಕಿಂತ ಒಂದು ಗೇಣು ಮುಂದೆ ಹಾಕಿ, ಹಿಂದಕ್ಕೆ ಜಾರಿಸಿದರು. ಕೂದಲು ಮಲಗಿದ ದಿಕ್ಕಿಗೇ ಮಲಗಲಿ ಎಂದು. ಜೀನು ಕೂತ ಮೇಲೆ ಮುಂದಿನ ಕಮಾನಿನ ಒಳಗೆ ಬೆರಳು ತೂರಿಸಿ ಕಂಬಳಿಯನ್ನು ಮೇಲಕ್ಕೆ ಎತ್ತಿದರು, ಕಮಾನಿಗೆ ತಾಗುವಷ್ಟು. ಹೆಗಲ ದಿಣ್ಣೆಗೂ ಕಂಬಳಿಗೂ ನಡುವೆ ಗಾಳಿ ಆಡುವ ಗೂಡು ಆಯಿತು. ಹಿಂದೆಯೂ ಹಾಗೇ. ನನ್ನನ್ನು ಕುದುರೆಯ ಹಿಂದೆ ಒಂದು ಮಾರು ದೂರ ಬಗ್ಗಿಸಿ ನಿಲ್ಲಿಸಿ "ಏನು ಕಾಣುತ್ತೆ?" ಎಂದರು. ಬೆನ್ನುಮೂಳೆಯ ಮೇಲೆ, ಎರಡು ಹಲಗೆಗಳ ನಡುವೆ, ಆ ತುದಿಯಲ್ಲಿ ಮಾವಿನ ಎಲೆಗಳ ಬೆಳಕು ಕಾಣಿಸುತ್ತಿತ್ತು.

"ಅದೇ. ಆ ಬೆಳಕು ಸವಾರ ಕೂತ ಮೇಲೂ ಕಾಣಬೇಕು."

ಹೊಟ್ಟೆ ಪಟ್ಟಿ ಮೊಣಕೈಯಿಂದ ಒಂದು ಅಂಗೈ ಹಿಂದೆ. ಕುದುರೆ ಹೊಟ್ಟೆ ಉಬ್ಬಿಸಿ ನಿಂತಿತು. ಮೇಸ್ತ್ರಿ ಅವಸರ ಮಾಡದೆ ಎರಡು ಹೆಜ್ಜೆ ನಡೆಸಿ, ಉಸಿರು ಬಿಟ್ಟಾಗ ಒಂದು ತೂತು ಏರಿಸಿದರು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇಟ್ಟರು. ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಪಟ್ಟಿಯಡಿಯ ಚರ್ಮದ ನಿರಿಗೆ ಬಿಡಿಸಿದರು. ಹಲಗೆಯ ಮುಂದಿನ ತುದಿಗೂ ಭುಜಕ್ಕೂ ನಡುವೆ ನನ್ನ ಅಂಗೈ ಇಡಿಸಿ, ಚಾಚಾಗೆ ಕುದುರೆಯ ಕಾಲನ್ನು ಎತ್ತಿ ಚಾಚಲು ಹೇಳಿದರು. ಹೌದು, ಚಾಚಾನೂ ಬಂದಿದ್ದರು. ಚರ್ಮದ ಕೆಳಗೆ ಭುಜದ ಮೂಳೆ ಒಂದು ದೊಡ್ಡ ಸೌಟಿನಂತೆ ಹಿಂದಕ್ಕೆ ಜಾರಿ ಬಂದು ನನ್ನ ಬೆರಳುಗಳ ಹತ್ತಿರ ನಿಂತಿತು. ಚಿವುಟಲಿಲ್ಲ. ಕುದುರೆ ಹೆಜ್ಜೆ ಹಾಕಿದಾಗಲೆಲ್ಲ ಆ ಮೂಳೆ ಅಷ್ಟು ದೂರ ಓಡಾಡುತ್ತದೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ದಂಡಿನಲ್ಲಿ ಸವಾರ, ಬಂದೂಕು, ಈಟಿ, ಮೇವು ಎಲ್ಲ ಸೇರಿ ನೂರು ಕಿಲೋಗೂ ಮೀರಿ ಹೊತ್ತು, ಮರಳಿನಲ್ಲಿ, ನೀರಿಲ್ಲದೆ, ದಿನಗಟ್ಟಲೆ. ಬೆನ್ನು ಹುಣ್ಣು ಮಾಡಿದ ಸವಾರ ಕುದುರೆ ಹಿಡಿದುಕೊಂಡು ನಡೆದೇ ಬರಬೇಕಿತ್ತು ಎಂದರು ಮೇಸ್ತ್ರಿ.

ತಾತನಿಗೆ ಆಗ ಅರವತ್ತೇಳು. ಜಗಲಿಯ ಮೇಲೆ ಕೂತು ಬೆಳಗಿನಿಂದ ಎಲ್ಲ ನೋಡುತ್ತಿದ್ದವರನ್ನು ಮೇಸ್ತ್ರಿ ಕರೆದರು. "ಬನ್ನಿ ಯಜಮಾನರೇ, ನಿಮ್ಮ ತಂದೆಯವರ ಜಾಗ." ತಾತ ಪಂಚೆ ಕಚ್ಚೆ ಕಟ್ಟಿ, ರಿಕಾಪಿನಲ್ಲಿ ಕಾಲಿಟ್ಟು, ನಮ್ಮಿಬ್ಬರ ಹೆಗಲು ಹಿಡಿದು ಹತ್ತಿದರು. ಅವರು ಕೂತ ಕೂಡಲೇ ಮೇಸ್ತ್ರಿ ಮುಂದಿನಿಂದ ಕಂಬಳಿಯಡಿ ಕೈ ತೂರಿಸಿ, ಹಿಂದಿನಿಂದ ತೂರಿಸಿ, ಬೆಳಕು ಇದೆಯೇ ಎಂದು ನನ್ನನ್ನೇ ಕೇಳಿದರು. ಇತ್ತು.

ತೋಟದ ಸುತ್ತ ಕುದುರೆ ನಡೆಯಿತು. ತಾತ ಮಾತಾಡಲಿಲ್ಲ. ತೋತಾಪುರಿ ಗೊಂಚಲು ಹಣೆಗೆ ತಾಗುವಲ್ಲಿ ಬಗ್ಗುತ್ತಿದ್ದರು, ಮತ್ತೆ ನೆಟ್ಟಗೆ ಕೂರುತ್ತಿದ್ದರು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಎಂದು ಕೈಸನ್ನೆ ಮಾಡಿದರು. ಹಾಗೆ ಐದು ಸುತ್ತು.

ಇಳಿದ ಮೇಲೆ ಪಟ್ಟಿ ಸಡಿಲ ಬಿಟ್ಟು, ಹೊಂಗೆ ಮರದ ನೆರಳಿನಲ್ಲಿ ಚಾಚಾ ಕುದುರೆಯನ್ನು ನಿಧಾನ ಓಡಾಡಿಸಿದರು. ಆಮೇಲೆ ಜೀನು ತೆಗೆಯಲು ಮೇಸ್ತ್ರಿ ನನಗೇ ಹೇಳಿದರು. ಕೈ ನಡುಗುತ್ತಿತ್ತು. ಕಂಬಳಿ ಎತ್ತಿದೆ. ಬೆನ್ನಿನ ಎರಡೂ ಪಕ್ಕ ಎರಡು ಒದ್ದೆ ಅಚ್ಚು, ಒಂದರ ಹಾಗೇ ಇನ್ನೊಂದು. ಅವುಗಳ ಒಳಗೆ ಎಲ್ಲೂ ಒಣ ಮಚ್ಚೆಯಿಲ್ಲ. ನಡುವೆ, ಹೆಗಲ ದಿಣ್ಣೆಯಿಂದ ಸೊಂಟದವರೆಗೆ, ಮೂರು ಬೆರಳಗಲ ಒಣಗಿದ ನೇರ ದಾರಿ. ಇದೂ ಒಣಗಿದೆಯಲ್ಲ ಎಂದು ಎದೆ ಧಸಕ್ಕೆಂದಿತು. ಮೇಸ್ತ್ರಿ ನನ್ನ ಬೆರಳು ಹಿಡಿದು ಅದರ ಮೇಲೆ ಓಡಿಸಿದರು. ಕೂದಲು ನಲುಗಿರಲಿಲ್ಲ. ಮುಟ್ಟದೇ ಇದ್ದದ್ದರಿಂದ ಒಣಗಿದ ಜಾಗ ಅದು.

ಕೆಂಚಿ ಆ ಹೊತ್ತಿಗೆ ವಾಸಿಯಾಗಿ ಮತ್ತೆ ಗಾಡಿ ಎಳೆಯುತ್ತಿತ್ತು. ಹುಣ್ಣಾದ ಕಡೆ ಹೊಸ ಕೂದಲು ಬಂದಿತ್ತು, ಬಿಳಿಯದಾಗಿ. ಒತ್ತಿ ಸತ್ತ ಚರ್ಮದಲ್ಲಿ ಬಣ್ಣ ಮತ್ತೆ ಬರುವುದಿಲ್ಲ. ನಾನು ಕೋಲಾರದಲ್ಲಿ ಓದಿದ ಇನ್ನೆರಡು ವರ್ಷ, ಜಟಕಾ ಹತ್ತುವ ಮುಂಚೆ ಕೆಂಚಿಗೆ ಒಂದು ಉಂಡೆ ಬೆಲ್ಲ ಕೊಡುತ್ತಿದ್ದೆ. ಗಾದಿಯ ಮುಂದೆ, ಕೆಂಪು ಮೈ ಮೇಲೆ ಆ ಬಿಳಿ ಮಚ್ಚೆ ದೂರದಿಂದಲೇ ಕಾಣುತ್ತಿತ್ತು, ಸಾಲಿನಲ್ಲಿ ಎಷ್ಟು ಗಾಡಿ ನಿಂತಿದ್ದರೂ.

ಹುಡುಗ ಕಡ್ಡಿಯಲ್ಲಿ ಬೂದಿ ಕೆದಕುತ್ತಿದ್ದವನು ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಮಾಮ, ಆ ಬಾಡಿಗೆ ಕುದುರೆಯವರ ಹತ್ತಿರ ಬೆನ್ನಿನ ಅಳತೆ ಕೇಳಲಾ?"

"ಕೇಳು. ಮದುವೆಗೆ ಇನ್ನೂ ಎರಡು ತಿಂಗಳಿದೆ. ಬೆಳಗ್ಗೆ ಅಟ್ಟದಿಂದ ಇಳಿಸೋಣ, ಮೊದಲು ಹೊಲಿಗೆ ನೋಡಬೇಕು."